‘ಕನ್’ ಪುಟವನ್ನು ಒಪ್ಪಿಸಿಕೊಂಡದ್ದು

ದಿನವಿಡೀ ಮೈ ಬಗ್ಗಿಸಿ ದುಡಿದವನು ಸಂಜೆ ಮನೆಗೆ ಬಂದು ಮಾಡಬಾರದ ಕೆಲಸವೆಂದರೆ ಮಕ್ಕಳ ಪಾಠ ಒಪ್ಪಿಸಿಕೊಳ್ಳುವುದು. ಒಪ್ಪಿಸುವವರಿಗಿಂತ ಕೇಳುವವನಿಗೇ ಆಯಾಸ ಹೆಚ್ಚು. ಆ ಪಾಠ ಅವನಿಗೇ ಬಾರದಿದ್ದರಂತೂ ಮುಗಿಯಿತು. ನಾನು ಗುಬ್ಬಿಯಲ್ಲಿ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು, ತುಮಕೂರಿಗೆ ಬಂದು ಶಿರಾ ಗೇಟಿನ ಹತ್ತಿರ ಸೈಕಲ್ ಶಾಪು ಇಟ್ಟವನು. ನಾನು ಕಟ್ಟಿದ ಚಕ್ರ ಊರೆಲ್ಲ ಸುತ್ತಿದರೂ ಓಲಾಡುವುದಿಲ್ಲ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಇಂಗ್ಲಿಷ್ ಅಕ್ಷರಗಳೂ ಗೊತ್ತು. ಚೈನು, ಪೆಡಲುಗಳ ಡಬ್ಬಿ ನೋಡಿ ಕಲಿತದ್ದು. ಮೊದಲ ಎರಡು ಮೂರು ಅಕ್ಷರ ನೋಡಿದರೆ ಡಬ್ಬಿಯೊಳಗೆ ಏನಿದೆ ಎಂದು ತಿಳಿಯುತ್ತದೆ. ಉಳಿದದ್ದನ್ನು ಓದುವ ಪುರಸೊತ್ತು ನನಗೆ ಎಂದೂ ಸಿಕ್ಕಿಲ್ಲ.

ಮಗಳು ಸಾವಿತ್ರಿ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷೊಂದರಲ್ಲಿ ಫೇಲಾದಳು. ಅವಳಿಗೆ ಪಾಸಾಗಿ ಟೀಚರ್ ಟ್ರೈನಿಂಗಿಗೆ ಸೇರುವ ಆಸೆ. ಅಷ್ಟರಲ್ಲಿ ಕುಣಿಗಲಿನಿಂದ ನನ್ನ ಹೆಂಡತಿಯ ತಮ್ಮ ಚಿಕ್ಕಣ್ಣ, ಅಲ್ಲಿಯದೇ ಒಂದು ಗಂಡು ಗೊತ್ತುಮಾಡಿಕೊಂಡೇ ಬಂದಿಳಿದ. “ಫೇಲಾದ ಹುಡ್ಗೀನ ಇನ್ನೇನ್ ಓದಿಸ್ತೀಯ ಬಾವ, ಕೊಟ್ಬುಡು” ಎಂದ. ನನಗೆ ರೇಗಿತು. ಮತ್ತೆ ಪರೀಕ್ಷೆಗೆ ಕಟ್ಟಿಸುತ್ತೇನೆ, ಪಾಠ ನಾನೇ ಒಪ್ಪಿಸಿಕೊಳ್ಳುತ್ತೇನೆ, ಆಗಲೂ ಪಾಸಾಗದಿದ್ದರೆ ನೀನು ಹೇಳಿದ ಕಡೆಗೇ ಕೊಡುತ್ತೇನೆ ಎಂದುಬಿಟ್ಟೆ. ಒಲೆಯ ಮುಂದಿದ್ದ ಹೆಂಡತಿ “ನೀವಾ?” ಎಂದಳು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಕೆಲಸ ಮೊದಮೊದಲು ಸುಲಭವಾಗಿತ್ತು. ಪುಸ್ತಕದ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡದ ಅರ್ಥ. ನನ್ನ ಬೆರಳಿನ ಗ್ರೀಸು ಹಾಳೆಗೆ ಹತ್ತದಿರಲೆಂದು ಹಳೆಯ ಟ್ಯೂಬಿನ ಪಟ್ಟಿಯೊಂದನ್ನು ಕತ್ತರಿಸಿಕೊಂಡು ಸಾಲಿನ ಕೆಳಗೆ ಇಡುತ್ತಿದ್ದೆ. ಅವಳು ಪದ ಹೇಳುತ್ತಾಳೆ, ನಾನು ಮೊದಲ ಅಕ್ಷರಗಳನ್ನು ನೋಡಿ ಸಾಲು ಹಿಡಿಯುತ್ತೇನೆ, ಅರ್ಥ ಸರಿಯಿದ್ದರೆ ಹೂಂ ಎನ್ನುತ್ತೇನೆ. ಹೀಗೆ ಬಂದು ‘ಕನ್’ ಎಂಬ ಪುಟಕ್ಕೆ ಮುಟ್ಟಿದೆವು. ಮೇಲಿನಿಂದ ಕೆಳಗಿನವರೆಗೆ ಎಲ್ಲ ಪದಗಳಿಗೂ ಒಂದೇ ತಲೆ! ಒಂದೇ ಕಂಪನಿಯ ಡಬ್ಬಿಗಳನ್ನು ಸಾಲಾಗಿ ಜೋಡಿಸಿಟ್ಟ ಹಾಗೆ. ಅವತ್ತು ಸಂತೆಯ ದಿನ, ಪಂಕ್ಚರ್ ಹಾಕಿ ಹಾಕಿ ಸೊಂಟ ಬಿದ್ದುಹೋಗಿತ್ತು. ನಡುವೆ ಒಂದು ತೂಕಡಿಕೆ ಬಂತು. ಟ್ಯೂಬಿನ ಪಟ್ಟಿ ಆಗಲೇ ಒಂದು ಸಾಲು ಕೆಳಗೆ ಜಾರಿರಬೇಕು.

ಎಚ್ಚೆತ್ತಾಗ ಮಗಳು ಕನ್ಸೆಂಟ್ ಎಂದರೆ ಒಪ್ಪಿಗೆ ಎನ್ನುತ್ತಿದ್ದಳು. ಪಟ್ಟಿಯ ಮೇಲಿನ ಸಾಲಿನಲ್ಲಿ ‘ಸಮಾಧಾನ ಮಾಡು’ ಎಂದಿತ್ತು. ತಪ್ಪು ಎಂದೆ. ಕನ್ಸೋಲ್ ಎಂದರೆ ಸಮಾಧಾನ ಮಾಡು ಎಂದಳು. ಅದೂ ತಪ್ಪು, ‘ಸಲಹೆ ಕೇಳು’ ಎಂದೆ.

“ಅಪ್ಪ, ಇನ್ನೊಂದ್ಸಲ ನೋಡು.”

“ಪುಸ್ತಕ ನನ್ನ ಕೈಲೈತೋ ನಿನ್ನ ಕೈಲೈತೋ?”

ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು. ನಾನು ಹೇಳಿದಂತೆಯೇ ಕಲಿತು ಒಪ್ಪಿಸಿದಳು. ಹೇಳಿಕೊಟ್ಟೂ ಹೇಳಿಕೊಟ್ಟೂ ನನಗೇ ಅದು ಬಾಯಿಪಾಠವಾಯಿತು. ಮಾರನೆಯ ದಿನದಿಂದ ಪುಸ್ತಕದ ಹಂಗೂ ಇಲ್ಲ. ಅವಳು ಬುತ್ತಿ ತಂದಾಗ ಶಾಪಿನಲ್ಲಿ ನಾಲ್ಕು ಜನಕ್ಕೆ ಕೇಳಿಸುವಂತೆ ಪ್ರಶ್ನೆ ಹಾಕುತ್ತಿದ್ದೆ.

ಪರೀಕ್ಷೆ ಮುಗಿದ ಸಂಜೆ ‘ಕನ್’ ಪದಗಳೇ ಬಂದಿದ್ದವು ಎಂದು ಸಾವಿತ್ರಿ ಹೇಳಿದಳು. ನಾನು ಹಿಗ್ಗಿಹೋದೆ. ಮರುದಿನ ಗಾಳಿ ಹೊಡೆದುಕೊಳ್ಳಲು ಬಂದ ಮೇಷ್ಟರೊಬ್ಬರಿಗೆ ಆ ಪುಟವನ್ನು ಗಡಗಡನೆ ಒಪ್ಪಿಸಿಯೂಬಿಟ್ಟೆ. ಅವರು ಪಂಪು ಕೆಳಗಿಟ್ಟು, “ಯಜಮಾನ್ರೇ, ಎಲ್ಲಾ ಒಂದೊಂದ್ ಮನೆ ಮುಂದಕ್ಕೆ ಹೋಗ್ಬಿಟ್ಟವೆ” ಎಂದರು.

ರಿಸಲ್ಟು ಬರುವ ತನಕ ನಾನು ಪಟ್ಟ ಪಾಡು ಯಾರಿಗೂ ಬೇಡ. ಊಟ ರುಚಿಸದು. ಕುಣಿಗಲ್ ಬಸ್ಸು ಬಂದರೆ ಚಿಕ್ಕಣ್ಣನೇ ಇಳಿದ ಹಾಗೆ ಕಾಣುವುದು. ನನ್ನ ಕೈಯಾರೆ ಮಗಳನ್ನು ಕುಣಿಗಲಿಗೆ ಕಳಿಸುತ್ತಿದ್ದೇನಲ್ಲ ಎಂದು ಕೊರಗಿ ಕೊರಗಿ ದಣಿದೆ. ಬಾಯಿ ಬಿಟ್ಟು ಹೇಳೋಣವೆಂದರೆ ಹೆಂಡತಿಯ ಆ “ನೀವಾ?” ಇನ್ನೂ ಕಿವಿಯಲ್ಲಿತ್ತು.

ಪೇಪರಿನಲ್ಲಿ ಸಾವಿತ್ರಿಯ ನಂಬರು ಬಂತು. ಪಾಸು. ನಂಬಲಾರದೆ ಅವಳನ್ನು ಮೂಲೆಗೆ ಕರೆದು, ಕನ್ಸೆಂಟಿಗೆ ಏನು ಬರೆದೆ ಎಂದು ಕೇಳಿದೆ.

“ಒಪ್ಪಿಗೆ ಅಂತ್ಲೇ ಬರೆದೆ ಕಣಪ್ಪ. ನೀನು ಕೇಳ್ದಾಗ ನಿಂದು ಹೇಳ್ತಿದ್ದೆ. ನೀನು ಮಲಗಿದ್ಮೇಲೆ ಪುಸ್ತಕದ್ದು ಓದ್ಕೋತಿದ್ದೆ. ಅದಕ್ಕೇ ಆ ಪುಟ ಎಲ್ಲಾದಕ್ಕಿಂತ ಗಟ್ಟಿಯಾಯ್ತು.”

ಮುಂದಿನ ವಾರ ಚಿಕ್ಕಣ್ಣ ಸಿಹಿ ತಿನ್ನಲು ಬಂದ. ಗಂಡಿನ ಸುದ್ದಿ ಎತ್ತಲಿಲ್ಲ. ಬಾಯಿ ಒರೆಸಿಕೊಂಡು, “ನನ್ ಮಗಳು ಗೌರೀನೂ ಇಂಗ್ಲಿಷ್‌ನಾಗೆ ಹಿಂದೆ ಬಾವ. ರಜಕ್ಕೆ ಕಳಿಸ್ತೀನಿ, ನೀನೇ ಒಪ್ಪಿಸ್ಕೋ” ಎಂದ.

ನಾನು ಸಾವಿತ್ರಿಯ ಕಡೆ ನೋಡಿದೆ. “ಕಳ್ಸಿ ಮಾವ” ಎಂದಳು ಅವಳು, “ಅಪ್ಪನತ್ರ ಕೂತ್ರೆ ಎರಡೆರಡ್ ಸಲ ಓದಲೇಬೇಕಾಯ್ತದೆ.”

ಒಲ್ಲೆನೆಂದರೆ ಕಾರಣ ಹೇಳಬೇಕಾಗುತ್ತಿತ್ತು. ಸೊಂಟ ಹಿಡಿದುಕೊಂಡು, ಕಳಿಸಪ್ಪ ಎಂದೆ.