ಮುಂಬೈ ಪ್ಲೇಟಿನೊಳಗಿನ ವರ

ನನಗಾಗ ಇಪ್ಪತ್ತೈದು ವರ್ಷ. ಅದಾಗಿ ಐವತ್ತು ವರ್ಷ ಕಳೆದಿವೆ. ಅಂದು ಕೇಳಿದ್ದು ಏನು ಎಂಬುದು ಮಾತ್ರ ಇವತ್ತಿಗೂ ತಿಳಿದಿಲ್ಲ. ತಿಳಿಯಲಿಲ್ಲ ಎಂದುಬಿಟ್ಟರೆ ಮುಗಿಯಿತು, ಆದರೆ ಮನುಷ್ಯರಿಗೆ ಅದೊಂದು ಮಾತು ಬಾಯಿಗೆ ಬರುವುದಿಲ್ಲ. ಮದುವೆಯಲ್ಲಿ ಅಯ್ಯನವರು ಮಂತ್ರ ಹೇಳುತ್ತಾರೆ, ನಾವು ತಲೆ ಆಡಿಸುತ್ತೇವೆ. ದವಾಖಾನೆಯಲ್ಲಿ ಡಾಕ್ಟರು ರೋಗದ ಹೆಸರು ಹೇಳುತ್ತಾರೆ, ಹೂಂ ಅನ್ನುತ್ತೇವೆ; ಹೊರಗೆ ಬಂದ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ನಾನು ಎರಡನೇ ಇಯತ್ತೆಗೇ ಸಾಲಿ ಬಿಟ್ಟವಳು, ಆದ್ದರಿಂದ ತಲೆ ಆಡಿಸುವುದರಲ್ಲಿ ನನಗೆ ಉಳಿದವರಿಗಿಂತ ರೂಢಿ ಹೆಚ್ಚು. ಹಾಗಿದ್ದೂ ಆ ಮಧ್ಯಾಹ್ನ ಕುತ್ತಿಗೆ ನೋವು ಬಂತು.

ನಮ್ಮ ಮನೆ ಗಜೇಂದ್ರಗಡದ ನೇಕಾರರ ಓಣಿಯಲ್ಲಿ. ಮನೆಯೊಳಗೆ ಎರಡು ಮಗ್ಗ. ಒಂದರ ಕುಣಿಯಲ್ಲಿ, ಅಂದರೆ ಕಾಲು ಇಳಿಬಿಡುವ ತಗ್ಗಿನಲ್ಲಿ, ನಮ್ಮ ಮನೆಯವರು ಕೂರುತ್ತಿದ್ದರು, ಇನ್ನೊಂದರಲ್ಲಿ ನನ್ನ ನಾದಿನಿ ನೀಲವ್ವ. ನಾನು ರಾಟಿಯ ಮುಂದೆ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಇದಕ್ಕೂ ಕಾರಣವಿತ್ತು. ನಮ್ಮಪ್ಪ ನೇಕಾರನೇ ಆದರೂ ಮಗ್ಗ ಮಾರಿ ಅಸೂಟಿ ಎಂಬ ಹಳ್ಳಿಯಲ್ಲಿ ಎತ್ತು ಕಟ್ಟಿದವನು. ನನಗೆ ಕಳೆ ಕೀಳಲು ಬರುತ್ತಿತ್ತು, ಸೀರೆ ನೇಯಲು ಬರುತ್ತಿರಲಿಲ್ಲ. ಕೈ ಮುಂದೆ ಹೋದರೆ ಕಾಲು ಹಿಂದೆ, ಕಾಲು ಸರಿಹೋದರೆ ಎಳೆ ಕಡಿಯುತ್ತಿತ್ತು. ಗೋಡೆಯಾಚೆ ಬಸಪ್ಪಜ್ಜ ಅಂತ ಒಬ್ಬ ಹಲ್ಲಿಲ್ಲದ ಮುದುಕನ ಮಗ್ಗ. ನಾನು ಯಾವಾಗಲಾದರೂ ಕುಣಿಗೆ ಇಳಿದರೆ ಸಾಕು, ಅವನಿಗೆ ಸಪ್ಪಳದಲ್ಲೇ ಗೊತ್ತಾಗುತ್ತಿತ್ತು. “ಯಾರವಾ ಅದು, ಮಗ್ಗ ಬಡ್ಯಾಕತ್ತೀರೋ, ನಾಯಿ ಬಡ್ಯಾಕತ್ತೀರೋ?” ಎಂದು ಅಲ್ಲಿಂದಲೇ ಕೂಗುತ್ತಿದ್ದ.

ಅದಕ್ಕೇ ನೀಲವ್ವನಿಗೆ ವರ ಗೊತ್ತು ಮಾಡುತ್ತಿದ್ದಾರೆ ಎಂದಾಗ ನನ್ನ ಎದೆ ಧಸಕ್ಕೆಂದಿತು. ನಾದಿನಿ ಅಗಲುತ್ತಾಳಲ್ಲಾ ಎಂಬ ದುಃಖವಲ್ಲ, ನಾನು ಸುಳ್ಳು ಹೇಳುವುದಿಲ್ಲ. ಅವಳು ಹೋದರೆ ಆ ಕುಣಿಗೆ ನಾನು ಇಳಿಯಬೇಕಿತ್ತು. ಅತ್ತೆ ಮೊದಲೇ ಹೇಳಿಬಿಟ್ಟಿದ್ದರು: “ಆಕಿ ಲಗ್ನ ಗಟ್ಟಿ ಆದ ಮರುದಿನಾನ ನೀ ಮಗ್ಗಕ್ಕ ಕುಂದ್ರು. ಕಲಿಯಾಕ ಹೊತ್ತ ಬೇಕಲ್ಲ ನಿನಗ.” ಹಾಗಾಗಿ ವರ ಹೇಗಿದ್ದರೂ ಸರಿಯಿಲ್ಲ ಎಂದು ನಾನು ಆಗಲೇ ತೀರ್ಮಾನ ಮಾಡಿದ್ದೆ.

ಹುಡುಗ ನರಗುಂದದವನು, ಈರಣ್ಣ ಅಂತ. ಮುಂಬೈಯ ಗಿರಣಿಯಲ್ಲಿ ಕೆಲಸ. ರಜೆ ಸಿಗಲಿಲ್ಲವೆಂದು ಅವನು ಬರಲಿಲ್ಲ, ಅವನ ಬದಲು ರೋಣದಿಂದ ಅವನ ಸೋದರಮಾವ ಬಂದ. ಬಸ್ಸಿನಲ್ಲಿ ಅವನ ತೊಡೆಯ ಮೇಲೆ ಮಗುವಿನ ಹಾಗೆ ಒಂದು ಗ್ರಾಮಫೋನು ಪೆಟ್ಟಿಗೆ ಇತ್ತಂತೆ, ಕೆಳಗೆ ಇಟ್ಟರೆ ಕುಲುಕುತ್ತದೆ ಎಂದು ದಾರಿಯುದ್ದಕ್ಕೂ ಹೊತ್ತುಕೊಂಡೇ ಕೂತಿದ್ದನಂತೆ. ಪೆಟ್ಟಿಗೆ ಅವನದಲ್ಲ, ರೋಣದ ಗೆಳೆಯನದು. ಸಂಜಿ ಬಸ್ಸಿಗೆ ಹಿಂದಕ್ಕೆ ಒಯ್ಯಬೇಕು. ಜೊತೆಗೆ ಒಂದು ದಪ್ಪ ರಟ್ಟಿನ ಪುಸ್ತಕ. ಬಿಚ್ಚಿದರೆ ಹಾಳೆಯ ಬದಲು ಕಾಗದದ ಚೀಲಗಳು, ಚೀಲಕ್ಕೊಂದು ಕರಿ ಪ್ಲೇಟು.

“ಹುಡುಗನ್ನ ನೋಡೂದು ಆಮ್ಯಾಲ ಆಗ್ಲಿ ಅಕ್ಕಾರ, ಮೊದಲ ಕೇಳ್ರಿ,” ಎಂದ ರೋಣದ ಮಾವ. “ನಮ್ಮ ಈರಣ್ಣ ಬರೇ ಗಿರಣಿ ಕೂಲಿ ಅಂತ ತಿಳೀಬ್ಯಾಡ್ರಿ. ಮುಂಬೈಯಾಗ ನಾಕ ಮಂದಿ ಕೂಡಿ ಪ್ಲೇಟ ಮಾಡ್ಯಾರ. ಒಬ್ಬಾಂವ ಗೋವಾದ ಪಿಟೀಲಿನಾಂವ, ಒಬ್ಬಾಂವ ಗಿಟಾರ, ಒಬ್ಬಾಂವ ಬ್ಯಾಂಡಿನ ಕಹಳಿ. ನಾಕನೇದಾಂವ ನಮ್ಮ ಹುಡುಗ.”

“ಅಂವ ಏನ ಬಾರಸ್ತಾನ್ರಿ?” ಎಂದು ನಾನು ಕೇಳಿದೆ.

ಮಾವ ಕೆಮ್ಮಿದ. “ಕೇಳ್ರಲ್ಲ, ತಾನ ಗೊತ್ತಾಗತೈತಿ. ಹೊಸಾ ನಮೂನಿ ಐತ್ರಿ ಇದು. ಯಾರ ಏನ ಬಾರಸಬೇಕು ಅಂತ ಮೊದಲ ಮಾತಾಡಂಗಿಲ್ಲ. ತಮ್ಮ ತಮ್ಮ ಮನಸಿಗೆ ಬಂದಂಗ ಬಾರಸೂದು. ಕೂಡಿದ್ದ ಕೂಡತೈತಿ.”

ಮೊದಲು ಮಾತಾಡದೆ ನಾಲ್ಕು ಜನ ಕೂಡಿ ಮಾಡುವ ಕೆಲಸ ಯಾವುದಿದೆ ಎಂದು ಯೋಚಿಸಿದೆ. ಒಂದೇ ನೆನಪಾಯಿತು, ಬಾಯಿ ಸುಮ್ಮನಿರಲಿಲ್ಲ. “ನಾಕ ಮಂದಿ ಮಾತಾಡದ ಒಂದ ತಾಳಕ್ಕ ನಡಿಯೂದು ಹೆಣಾ ಹೊರುವಾಗಷ್ಟ ರೀ,” ಎಂದೆ. ಅತ್ತೆ ನನ್ನ ಕಡೆ ನೋಡಿದ ನೋಟಕ್ಕೆ ಒಲೆ ಹೊತ್ತಬಹುದಿತ್ತು. ಲಗ್ನದ ಮಾತಿಗೆ ಕೂತಾಗ ಹೆಣದ ಹೆಸರು!

ನಮ್ಮಲ್ಲಿ ಒಪ್ಪಿಗೆ ಎಂದರೆ ಬಾಯಿಮಾತಲ್ಲ, ಸಕ್ಕರೆ. ಬಂದವರ ಬಾಯಿಗೆ ಸಕ್ಕರೆ ಹಾಕಿದಿರೋ, ಹುಡುಗಿಯನ್ನು ಕೊಟ್ಟ ಹಾಗೆ. ಆದ್ದರಿಂದ ಅಂಥ ದಿನ ಸಕ್ಕರೆಯ ಡಬ್ಬಿ ಅತ್ತೆಯ ಮಗ್ಗುಲಲ್ಲೇ ಇರುತ್ತಿತ್ತು. ಮಾವನಿಗೆ ಚಹಾ ಕೂಡ ಬೆಲ್ಲದ್ದು; ಸಕ್ಕರೆ ಹಾಕಿ ಕೊಟ್ಟು ಅವನು ಅದನ್ನೇ ಒಪ್ಪಿಗೆ ಎಂದುಕೊಂಡರೆ? ಅತ್ತೆ ಆ ರಟ್ಟಿನ ಪುಸ್ತಕವನ್ನೂ ಬಿಡಲಿಲ್ಲ. ಅಷ್ಟು ದಪ್ಪ ಪುಸ್ತಕ ಎಂದರೆ ಪುರಾಣವೇ ಇರಬೇಕೆಂದು ಕುಂಕುಮ ಹಚ್ಚಿ ಕೈಮುಗಿದರು. ಆಮೇಲೆ ಮೂರನೆಯ ಪ್ಲೇಟು ಚರಚರ ಅಂದದ್ದು ಆ ಕುಂಕುಮದಿಂದಲೋ, ಪಿಟೀಲಿನಿಂದಲೋ ಎಂಬುದು ಇತ್ಯರ್ಥವಾಗಲೇ ಇಲ್ಲ.

ಮೊದಲನೆಯ ಪ್ಲೇಟು ಹಚ್ಚಿದರು. ಎಣ್ಣೆ ಕಾಣದ ಬಂಡಿ ಗಾಲಿ ದಿಬ್ಬ ಹತ್ತಿದ ಹಾಗೆ ಒಂದು ಸಪ್ಪಳ ಬಂತು. ಅದರ ಹಿಂದೆಯೇ ಯಾರೋ ತಂತಿಯನ್ನು ಎಳೆದೆಳೆದು ಬಿಟ್ಟರು, ತಿರುಪು ಸಡಿಲಾಗಿದೆಯೋ ಎಂದು ನೋಡುವವರ ಹಾಗೆ. ಕಹಳೆಯವನು ನಡುವೆ ನಡುವೆ ಬಂದು ಒಂದು ಸಲ ಊದಿ ಹೋಗುತ್ತಿದ್ದ, ನೆರೆಮನೆಯವರು ಒಲೆ ಹೊತ್ತಿಸಲು ಕಿಡಿ ಕೇಳಲು ಬಂದ ಹಾಗೆ. ಹಾಡು ಯಾವಾಗ ಸುರುವಾಗುತ್ತದೆ ಎಂದು ನಾವು ಕಾದೆವು. ಆ ಪ್ಲೇಟು ಮುಗಿಯಿತು. “ವ್ಹಾ!” ಎಂದ ರೋಣದ ಮಾವ. “ವ್ಹಾ,” ಎಂದರು ನಮ್ಮ ಮನೆಯವರು, ಸೀರೆಗೆ ಕೂಡ ಹಾಗೆ ಅನ್ನದ ಮನುಷ್ಯ. ಅತ್ತೆ ತಲೆ ಆಡಿಸಿದರು. ಅತ್ತೆ ಆಡಿಸಿದ ಮೇಲೆ ಸೊಸೆ ಆಡಿಸದಿದ್ದರೆ ಆಗುತ್ತದೆಯೇ?

ನೀಲವ್ವ ಬಾಗಿಲ ಮರೆಯಲ್ಲಿ ನನ್ನ ಬೆನ್ನಿಗೆ ಅಂಟಿಕೊಂಡು ಕೂತಿದ್ದಳು. “ವೈನಿ,” ಎಂದು ಸೀರೆ ಜಗ್ಗಿದಳು, “ಅದರಾಗ ಅವರು ಯಾವುದು?”

ನಾನೇನು ಹೇಳಲಿ? ಬೇರೆ ಹುಡುಗಿಯರು ವರನ ಮೀಸೆ ಹೇಗಿದೆ, ನಡಿಗೆ ಹೇಗಿದೆ ಎಂದು ಕಿಟಕಿಯಲ್ಲಿ ಇಣುಕುತ್ತಾರೆ. ಇವಳು ಪಾಪ, ಗದ್ದಲದೊಳಗೆ ಗಂಡನನ್ನು ಹುಡುಕಬೇಕಿತ್ತು. “ಕಿರಚೂದು ಅಂವ ಇದ್ದರ ಇರಬಹುದು,” ಎಂದೆ. ಅವಳ ಮುಖ ಸಣ್ಣದಾಯಿತು. ನನಗೆ ಒಳಗೇ ಸ್ವಲ್ಪ ಸಮಾಧಾನವಾಯಿತು.

ಎರಡನೆಯದು ನಡುವೆಯೇ ನಿಧಾನವಾಗುತ್ತಾ ಬಂತು. ದನಿ ಇಳಿದು ಇಳಿದು, ಎಮ್ಮೆ ನರಳಿದ ಹಾಗಾಯಿತು. “ಇಲ್ಲಿ ದುಃಖ ಬರತೈತ್ರಿ,” ಎಂದು ಮಾವ ಕಣ್ಣು ಮುಚ್ಚಿದ. ಅತ್ತೆಯೂ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಮ್ಮ ಮನೆಯವರು ಎದ್ದು ಪೆಟ್ಟಿಗೆಯ ಚಾವಿ ತಿರುಗಿಸಿದರು, ದುಃಖ ಓಡಿಹೋಯಿತು.

ಮೂರನೆಯದರಲ್ಲಿ ನಮ್ಮ ಪುಣ್ಯ ತೆರೆಯಿತು. ಆ ಚರಚರದ ನಡುವೆ, ಒಳಗಿನಿಂದ ಬಂದ ಹಾಗೆ, ಒಂದು ತಾಳ ಕೇಳಿಸಿತು. ಟಕ್ ಟಕಾ ಧಪ್, ಟಕ್ ಟಕಾ ಧಪ್. ಏನು ನೇಮ, ಏನು ತೂಕ! ಪಿಟೀಲು ಒಂದು ಕಡೆ, ಕಹಳೆ ಒಂದು ಕಡೆ ಓಡಿದರೂ ಇದು ಮಾತ್ರ ತಪ್ಪಲಿಲ್ಲ. ನಮ್ಮೆಲ್ಲರ ತಲೆ ಮೊದಲ ಸಲ ಒಟ್ಟಿಗೆ ಆಡಿತು.

“ಅದ ನೋಡ್ರಿ!” ಮಾವ ತೊಡೆ ತಟ್ಟಿದ. “ಅದ ನಮ್ಮ ಈರಣ್ಣ! ಕೇಳ್ರಿ ಕೈ ಹ್ಯಾಂಗೈತಿ!”

“ಛಲೋ ಐತ್ರಿ,” ಎಂದರು ಅತ್ತೆ, ಮನಸ್ಸಿನಿಂದಲೇ. ಅವರ ಕೈ ಸಕ್ಕರೆ ಡಬ್ಬಿಯ ಮುಚ್ಚಳದ ಮೇಲೆ ಹೋದದ್ದು ನಾನು ನೋಡಿದೆ. ನೀಲವ್ವ ನನ್ನ ಬೆನ್ನಿನ ಮೇಲೆಯೇ ಬೆರಳಿನಿಂದ ಆ ತಾಳ ಹಾಕತೊಡಗಿದಳು. ನನಗೆ ಮಗ್ಗದ ಕುಣಿ ಕಣ್ಣೆದುರು ಬಂದು ನಿಂತಿತು.

ಪ್ಲೇಟಿನ ಮುಖ ಮುಗಿಯಿತು. ಮಾವ ಪಿನ್ನು ಎತ್ತಿ, ಪ್ಲೇಟನ್ನು ಕೈಗೆ ತೆಗೆದುಕೊಂಡು ಮಗ್ಗುಲು ಬದಲಿಸಲು ಹೊರಟ. ಪ್ಲೇಟು ಅವನ ಕೈಯಲ್ಲಿತ್ತು. ಈರಣ್ಣ ಇನ್ನೂ ಬಾರಿಸುತ್ತಿದ್ದ.

ಟಕ್ ಟಕಾ ಧಪ್, ಟಕ್ ಟಕಾ ಧಪ್.

ಮಾವ ಪ್ಲೇಟನ್ನು ನೋಡಿದ. ಪೆಟ್ಟಿಗೆಯೊಳಗೆ ಬಗ್ಗಿ ನೋಡಿದ. ಅತ್ತೆ ಡಬ್ಬಿಯ ಮುಚ್ಚಳ ಒತ್ತಿ ಹಾಕಿ, “ಅಂವ ನಿಮ್ಮ ಈರಣ್ಣ ಅಲ್ರಿ ಅಣ್ಣಾರ,” ಎಂದರು. “ನಮ್ಮ ಬಸಪ್ಪ. ಬಾಜೂಕಿನ ಮನಿ.”

ನಮ್ಮ ಓಣಿಯವರಿಗೆ ಮಗ್ಗದ ಸಪ್ಪಳ ಕೇಳಿಸುವುದಿಲ್ಲ, ತಮ್ಮ ಉಸಿರು ತಮಗೆ ಕೇಳಿಸದ ಹಾಗೆ. ಅಂದು ಅತಿಥಿ ಬಂದರೆಂದು ನಮ್ಮ ಎರಡೂ ಮಗ್ಗ ನಿಂತಿದ್ದವು, ಕಿವಿ ತಾಳಕ್ಕಾಗಿ ಹಸಿದಿತ್ತು, ಸಿಕ್ಕಿದ್ದನ್ನು ತಿಂದಿತು. ಹುಟ್ಟಿದಾಗಿನಿಂದ ಕೇಳಿದ ಮಗ್ಗವನ್ನು ಮುಂಬೈಯ ಸಂಗೀತವೆಂದು ಕೊಂಡಾಡಿದೆವು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಲಗ್ನ ಮುರಿಯಿತು, ಕುಣಿ ತಪ್ಪಿತು ಎಂಬ ಸಂತೋಷವೂ ಆ ನಗುವಿನಲ್ಲಿ ಸೇರಿತ್ತು.

ನೀಲವ್ವ ನಗಲಿಲ್ಲ. ಎದ್ದವಳೇ ಗೋಡೆಯ ಹತ್ತಿರ ಹೋಗಿ, “ಅಜ್ಜಾ, ಸ್ವಲ್ಪ ಮಗ್ಗ ನಿಂದರಸು!” ಎಂದು ಕೂಗಿದಳು. ಅಮಾಸಿ ಅಲ್ಲದ ದಿನ ಮಗ್ಗ ನಿಲ್ಲಿಸು ಎಂದು ಆ ಓಣಿಯಲ್ಲಿ ಯಾರೂ ಹೇಳಿದ್ದಿಲ್ಲ. ಯಾರೋ ಸತ್ತರೆಂದು ತಿಳಿದು ಬಸಪ್ಪಜ್ಜ ಓಡಿಬಂದ. ಯಾರೂ ಸತ್ತಿಲ್ಲ, ಪ್ಲೇಟು ಕೇಳುತ್ತಿದ್ದೇವೆ ಎಂದ ಮೇಲೆ ಹೊಸ್ತಿಲ ಮೇಲೆ ಕೂತ.

ಮಗ್ಗವಿಲ್ಲದೆ ಕೇಳಿದರೆ ಉಳಿದ ಪ್ಲೇಟುಗಳು ಇನ್ನೂ ಬಯಲಾಗಿಬಿಟ್ಟವು. ಹಿಡಿಯಲು ಏನೂ ಇಲ್ಲ. “ಇವರೇನ ಜಗಳಾಡಾಕತ್ತಾರೋ, ಹಾಡಾಕತ್ತಾರೋ?” ಎಂದ ಬಸಪ್ಪಜ್ಜ. ಮಾವ ಈಗ ವ್ಹಾ ಅನ್ನುವುದನ್ನು ಬಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದ. ಕೊನೆಯ ಪ್ಲೇಟಿನ ಕೊನೆಯ ಮುಖ ಉಳಿದಾಗ ಅತ್ತೆ ಡಬ್ಬಿ ಎತ್ತಿಕೊಂಡು ಎದ್ದರು.

“ಬಸ್ಸಿನ ಹೊತ್ತ ಆತಲ್ರಿ ಅಣ್ಣಾರ. ಮುಂದ ನೋಡೂಣಂತ.”

‘ಮುಂದ ನೋಡೂಣ’ ಎಂದರೆ ನಮ್ಮ ಕಡೆ ಒಲ್ಲೆ ಎಂದೇ ಅರ್ಥ. ಮಾವನಿಗೂ ತಿಳಿಯಿತು, ಪುಸ್ತಕ ಮಡಿಚತೊಡಗಿದ.

“ಎವ್ವಾ,” ಎಂದಳು ನೀಲವ್ವ, ಬಾಗಿಲ ಮರೆ ಬಿಟ್ಟು ಹೊರಗೆ ಬಂದು. “ಸೀರಿ ತಗೊಳ್ಳಾಕ ಬಂದಾವರಿಗೆ ನೀನ ಏನಂತಿ? ಸೆರಗ ನೋಡದ ಒಲ್ಲೆ ಅನಬ್ಯಾಡ್ರಿ ಅಂತೀಯಿಲ್ಲ? ಇದರ ಸೆರಗರ ನೋಡು.”

ಅತ್ತೆಗೆ ತಮ್ಮದೇ ಮಾತು ತಿರುಗಿ ಬಂತು. ಕೂತರು, ಡಬ್ಬಿಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡು.

ಕೊನೆಯ ಮುಖ ಸುರುವಾಯಿತು. ಅದೇ ಗಾಲಿ, ಅದೇ ತಿರುಪು, ಅದೇ ಕಿಡಿ ಕೇಳುವವನು. ಆಮೇಲೆ ಒಬ್ಬೊಬ್ಬರಾಗಿ ಬಿಟ್ಟರು. ಪಿಟೀಲು ನಿಂತಿತು, ತಂತಿ ನಿಂತಿತು, ಕಹಳೆಯವನು ಒಮ್ಮೆ ಊದಿ ಸುಮ್ಮನಾದ. ಪಿನ್ನಿನ ಕೆಳಗೆ ಪ್ಲೇಟು ಬರಿದೇ ಸುಸ್ ಅನ್ನುತ್ತಾ ತಿರುಗುತ್ತಿತ್ತು. ಮಾವ ಪಿನ್ನು ಎತ್ತಲು ಕೈ ಚಾಚಿದ. ಅಷ್ಟರಲ್ಲಿ ಪೆಟ್ಟಿಗೆಯೊಳಗಿನಿಂದ, ನಮ್ಮ ಅಂಗಳದಲ್ಲೇ ನಿಂತವರ ಹಾಗೆ, ಒಂದು ಗಂಡು ದನಿ ಬಂತು:

“ಆತೇನ್ರಿ? ನಾ ಇನ್ನಾ ಸುರೂನ ಮಾಡಿಲ್ಲಲ್ರಿ!”

ಯಾರೋ ಮೂವರು ನಕ್ಕರು. ಪ್ಲೇಟು ಮುಗಿಯಿತು.

ಮಾವ ನೆಲ ನೋಡುತ್ತಾ, “ಅದ… ಅದ ಅವಂದ ದನಿ ರೀ,” ಎಂದ, ಕಳ್ಳತನ ಒಪ್ಪಿಕೊಂಡವನ ಹಾಗೆ. ನೀಲವ್ವ ನಕ್ಕಳು ನೋಡಿ, ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಅತ್ತೆಯ ತೊಡೆಯ ಮೇಲಿನ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟಳು.

“ವೈನಿ, ಮಾವಾರ ಬಾಯಿಗೆ ಸಕ್ಕರಿ ಹಾಕ್ರಿ.”

“ನಿನಗ ಹುಚ್ಚ ಹಿಡದೈತೇನ?” ಎಂದರು ಅತ್ತೆ. “ಏನೂ ಬಾರಸದಾಂವಗ ಹೂಂ ಅಂತೀಯಲ್ಲ!”

“ಅವರಿಗೆ ತಿಳೀಲಿಲ್ಲಂದ್ರ ಬಾಯಿ ಬಿಟ್ಟ ಕೇಳತಾರಲ್ಲವಾ. ಮಧ್ಯಾಹ್ನದಿಂದ ಇಷ್ಟ ಮಂದಿ ಕುಂತೀವಿ, ಯಾರರ ತಿಳೀಲಿಲ್ಲ ಅಂದಿವೇನು?”

ಆ ಮಾತು ಎಲ್ಲರಿಗೂ ತಾಗಿತು, ನನಗೆ ಸ್ವಲ್ಪ ಹೆಚ್ಚೇ ತಾಗಿತು. ಡಬ್ಬಿ ಹಿಡಿದು ನಿಂತೇ ಇದ್ದೆ. ಹಾಕಿದರೆ ಕುಣಿ, ಹಾಕದಿದ್ದರೆ ನೀಲವ್ವ. ಅತ್ತೆಯ ಕಡೆ ನೋಡಿದೆ. ಅವರೂ ಸೋತು ನಗುತ್ತಿದ್ದರು. “ಹಾಕವಾ, ಏನ ನೋಡ್ತಿ?” ಎಂದರು. ರೋಣದ ಮಾವ ಆಗಲೇ ಬಾಯಿ ತೆರೆದಿದ್ದ. ಹಾಕಿದೆ. ಸಿಟ್ಟಿಗೆ ಸ್ವಲ್ಪ ಜಾಸ್ತಿಯೇ ಬಿತ್ತು, ಬಸ್ಸಿನವರೆಗೂ ಕೆಮ್ಮುತ್ತಲೇ ಹೋದ.

ಮದುವೆಯಾದ ಮೇಲೆ ಈರಣ್ಣ ಮನೆಗೆ ಬಂದಾಗ ನಾನು ಬಿಡದೆ ಕೇಳಿದೆ, ಅಷ್ಟು ಪ್ಲೇಟುಗಳಲ್ಲಿ ನೀನು ಬಾರಿಸಿದ್ದು ಯಾವುದು ಎಂದು. ಅವನು ತಲೆ ಕೆರೆದುಕೊಂಡ. “ಎರಡನೇದ್ರಾಗ ಡಬ್ಬಿ ಬಡದೀನ್ರಿ ಅಕ್ಕಾರ. ಕೇಳಿದ್ರ ನನಗೂ ಸಿಗವಲ್ದು.” ಒಳ್ಳೆಯ ಮನುಷ್ಯ. ನೀಲವ್ವ ಏನು ಕೇಳಿ ಅವನನ್ನು ಆರಿಸಿದಳೋ, ಅದರಲ್ಲಿ ಮೋಸವಾಗಲಿಲ್ಲ. ಆ ಸಂಗೀತ ಒಳ್ಳೆಯದೋ ಕೆಟ್ಟದೋ ಎಂದು ಕೇಳಿದರೆ ಮಾತ್ರ ನಾನು ಈಗಲೂ ತಲೆ ಆಡಿಸುತ್ತೇನೆ, ಯಾವ ಕಡೆಗೆ ಎಂದು ನೀವೇ ತಿಳಿದುಕೊಳ್ಳಿ.

ಸಕ್ಕರೆ ಹಾಕಿದ ಮರುದಿನ ಬೆಳಿಗ್ಗೆ ಅತ್ತೆ ಹೇಳಿದಂತೆಯೇ ಮಾಡಿದರು. ಕಸ ಹೊಡೆದು ಮುಗಿಯುವ ಮೊದಲೇ ನನ್ನನ್ನು ನೀಲವ್ವನ ಮಗ್ಗದ ಕುಣಿಗೆ ಇಳಿಸಿದರು. ಲಾಳಿ ಒಗೆದೆ. ಕೈ ಒಂದು ಕಡೆ, ಕಾಲು ಒಂದು ಕಡೆ ಹೋಯಿತು. ಮಗ್ಗದ ಹಲಗೆ ತನ್ನ ಮನಸ್ಸಿಗೆ ಬಂದಾಗ ಬಡಿಯಿತು. ಒಂದು ಎಳೆ ಕಡಿಯಿತು, ಲಾಳಿ ಕಿರ್ ಎಂದು ಜಾರಿ ನೆಲಕ್ಕೆ ಬಿತ್ತು. ಗೋಡೆಯಾಚೆ ಬಸಪ್ಪಜ್ಜನ ಮಗ್ಗ ನಿಂತಿತು. ಬೈಗುಳಕ್ಕೆ ಕಾದೆ.

“ಏ ಗಂಗವ್ವಾ,” ಎಂದ ಅಜ್ಜ, “ಆ ಮುಂಬೈ ಪ್ಲೇಟ ಮತ್ತ ಹಚ್ಚೀರೇನು?”

“ಹೌದಜ್ಜಾ, ಹಚ್ಚೇವಿ,” ಎಂದೆ.

“ನಿನ್ನಿಗಿಂತ ಇವತ್ತ ಸ್ವಲ್ಪ ತಿಳಿಯಾಕತ್ತೈತಿ ನೋಡು,” ಎಂದ.

ನಾನು ಲಾಳಿ ಹೆಕ್ಕಿಕೊಂಡು ಮತ್ತೆ ಒಗೆದೆ.