ಎರಡು ಡಿಗ್ರಿ, ಒಂದು ದೋಣಿ

ಎರಡು ದೋಣಿಯಲ್ಲಿ ಕಾಲಿಡಬೇಡ ಎಂದು ಹಿರಿಯರು ಹೇಳುತ್ತಾರೆ. ನಾನು ಒಂದೇ ದೋಣಿಯಲ್ಲಿ ಎರಡೂ ಕಾಲಿಟ್ಟು ಕೆಟ್ಟವಳು. ಹಾಗಾಗಿ ಈ ವಿಷಯದಲ್ಲಿ ಹಿರಿಯರಿಗಿಂತ ನನಗೇ ಅನುಭವ ಹೆಚ್ಚು.

ಎಂಬತ್ತರ ದಶಕದ ಮಾತು. ಬಿ.ಎಸ್ಸಿ. ಮುಗಿಸಿ ಕೊಡಿಯಾಲ್‌ಬೈಲಿನ ಮನೆಯಲ್ಲಿ ಕುಳಿತಿದ್ದೆ. ನರವಿಜ್ಞಾನದಲ್ಲೊಂದು, ಸಾರ್ವಜನಿಕ ನೀತಿಯಲ್ಲೊಂದು, ಹೀಗೆ ಎರಡು ಸ್ನಾತಕೋತ್ತರ ಪದವಿಗಳನ್ನು ಒಟ್ಟಿಗೇ ಓದಬೇಕೆಂಬ ಹುಚ್ಚು ತಲೆಗೆ ಹತ್ತಿತ್ತು. ಹೊರದೇಶದ ಒಂದು ವಿಶ್ವವಿದ್ಯಾಲಯ ಒಪ್ಪಿಯೂ ಆಗಿತ್ತು. ಇನ್ನು ಒಪ್ಪಬೇಕಾದವರು ನನ್ನ ಸೋದರಮಾವ ಒಬ್ಬರೇ. ನಮ್ಮದು ಅಳಿಯಕಟ್ಟಿನ ಕುಟುಂಬ, ವಂಶ ತಾಯಿಯ ಕಡೆಯಿಂದ, ಯಜಮಾನಿಕೆ ಸೋದರಮಾವನದು. ಅಪ್ಪ ಫೀಸು ಕಟ್ಟಬಹುದು, ಅಮ್ಮ ಹರಕೆ ಹೊರಬಹುದು, ಆದರೆ ಮಾವ 'ಆಗಲಿ' ಎನ್ನದೆ ನಮ್ಮ ಮನೆಯ ಹುಡುಗಿ ಊರಂಚಿನ ಪಡೀಲ್ ಕೂಡ ದಾಟುವಂತಿಲ್ಲ.

ಮಾವನಿಗೆ ಊರಲ್ಲಿ ಹೋಟೆಲು. ನನ್ನ ಯೋಜನೆ ಕೇಳಿ ಅವರು ಗಟ್ಟಿಯಾಗಿ ನಕ್ಕರು. "ಮಿದುಳು ಮತ್ತು ಸರಕಾರ, ಒಂದಕ್ಕೊಂದು ಎಂತ ಸಂಬಂಧ ಉಂಟು ಮಾರಾಯ್ತಿ? ಇಷ್ಟು ವರ್ಷ ಲೈಸನ್ಸಿಗೆ ಆಫೀಸು ಆಫೀಸು ತಿರುಗಿದ್ದೇನೆ, ಎಲ್ಲಿಯೂ ಕಾಣಲಿಲ್ಲ!" ಆಮೇಲೆ ನಗು ನಿಲ್ಲಿಸಿ ತೀರ್ಪು ಕೊಟ್ಟರು. "ಒಂದನ್ನು ಬಿಡು, ಕಳಿಸ್ತೇನೆ. ಎರಡೆರಡು ಓದಿದವಳಿಗೆ ಗಂಡು ಹುಡುಕ್ಲಿಕ್ಕೆ ನನ್ನಿಂದ ಆಗುದಿಲ್ಲ."

ಬಿಡುವುದಾದರೂ ಯಾವುದನ್ನು? ನನಗೆ ಅಳುವೇ ಬಂತು. ಅಳು ಕಂಡರೆ ಮಾವ ಕರಗುತ್ತಾರೆ, ಆದರೆ ಒಪ್ಪುವುದಿಲ್ಲ. "ನಾಳೆ ಬೆಂಗ್ರೆಗೆ ಅಂಜಲ್ ಮೀನು ತರ್ಲಿಕ್ಕೆ ಹೋಗ್ಲಿಕ್ಕುಂಟು. ನೀನೂ ಬಾ. ನನಗೆ ಅರ್ಥ ಆಗುವ ಹಾಗೆ ಹೇಳು, ನೋಡುವ" ಎಂದರು.

ಹೊಳೆ ದಾಟಿಸುವ ಬೆಂಗ್ರೆಯ ದೋಣಿ ಹತ್ತಿದವರಿಗೆಲ್ಲ ಗೊತ್ತು: ದಡ ಕಂಡ ಕೂಡಲೆ ಎಲ್ಲರೂ ಎದ್ದು ಮುಂದಕ್ಕೆ ನುಗ್ಗುತ್ತಾರೆ, ದೋಣಿ ವಾಲುತ್ತದೆ. ದೋಣಿ ನಡೆಸುವ ಬಾಬಣ್ಣ ಈಚೆ ದಡ ಬಿಡುವಾಗಲೇ "ಕುಲ್ಲುಲೆ, ಕುಲ್ಲುಲೆ! ಕೂತುಕೊಳ್ಳಿ ಮಾರಾಯ್ರೆ, ತಾಗಿದ ಮೇಲೆ ಏಳಿ" ಎಂದು ಕೂಗಲು ಶುರು ಮಾಡುತ್ತಾನೆ. ಆಚೆ ದಡದವರೆಗೂ ಕೂಗುತ್ತಲೇ ಇರುತ್ತಾನೆ.

ನನಗೆ ಬೇಕಾದ ಉದಾಹರಣೆ ಅಲ್ಲೇ ಸಿಕ್ಕಿತು. "ನೋಡಿ ಮಾವ, ಎದ್ದರೆ ಅಪಾಯ ಅಂತ ಇಲ್ಲಿ ಎಲ್ಲರಿಗೂ ಗೊತ್ತುಂಟು. ಆದರೂ ಏಳ್ತಾರೆ. ಯಾಕೆ ಅಂತ ಮಿದುಳು ಓದಿದವರು ಹೇಳ್ಬೇಕು. ಏಳದ ಹಾಗೆ ಎಂತ ಮಾಡುದು ಅಂತ ನೀತಿ ಓದಿದವರು ಹೇಳ್ಬೇಕು. ಬರೀ ನೀತಿ ಓದಿದವ ಬೋರ್ಡು ಹಾಕಿಸ್ತಾನೆ. ಬರೀ ಮಿದುಳು ಓದಿದವ ಯಾಕೆ ಮುಳುಗಿದ್ರು ಅಂತ ಬರೀತಾನೆ."

ಮಾವ ಮೊದಲ ಬಾರಿ ಗಂಭೀರರಾದರು. "ಹಾಗಾದರೆ ನಿನ್ನ ಹಾಗೆ ತಿಳಿದವರು ಏಳುದಿಲ್ಲ?"

"ಛೆ, ಇಲ್ಲ ಮಾವ!"

ಅಷ್ಟರಲ್ಲಿ ದಡ ಬಂತು. ಮುಂದಿದ್ದ ಹೆಂಗಸು ಇಳಿಯಲೆಂದು ಬುಟ್ಟಿಗೆ ಕೈ ಹಾಕಿದ್ದು ಕಂಡಿತು. ನಾನು ಯಾವಾಗ ಎದ್ದೆನೋ ದೇವರಾಣೆಗೂ ಗೊತ್ತಿಲ್ಲ. ಮೊದಲು ಇಳಿಯದಿದ್ದರೆ ಬಾಬಣ್ಣ ನನ್ನೊಬ್ಬಳನ್ನೇ ವಾಪಸ್ ಒಯ್ಯುತ್ತಾನೇನೋ ಎಂಬಂತೆ ಎಲ್ಲರನ್ನೂ ದಾಟಿ ಹಾರಿದೆ. ಮೊಣಕಾಲುಮಟ್ಟ ನೀರು, ಸೀರೆಯೆಲ್ಲ ಕೆಸರು. ಒಂದು ಚಪ್ಪಲಿ ಅಳಿವೆಯ ಕಡೆ ಹೊರಟೇಹೋಯಿತು. ಅದರ ಹಿಂದೆಯೇ ನನ್ನ ಭವಿಷ್ಯವೂ ಹೊರಟಂತೆ ಕಂಡಿತು.

"ಈ ಅಕ್ಕನಿಗೆ ಎಂತ ಗಡಿಬಿಡಿ!" ಎಂದು ಬುಟ್ಟಿಯ ಹೆಂಗಸು ನಕ್ಕಳು. ಮಾವ ಕುಳಿತೇ ಇದ್ದರು. ದೋಣಿ ತಾಗಿದ ಮೇಲೆ ಮುಂಡು ಎತ್ತಿ ಕಟ್ಟಿ ಸಾವಕಾಶ ಇಳಿದರು. ಮೀನಿನ ಕಿವಿರು ಎತ್ತಿ ನೋಡಿ, ಕ್ರಯಕ್ಕೆ ಚರ್ಚೆ ಮಾಡಿ, ಎರಡು ಅಂಜಲ್ ಆರಿಸಿದರು. ನಾನು ಒಂಟಿ ಚಪ್ಪಲಿಯಲ್ಲಿ ನಿಂತು, ಯಾವ ಡಿಗ್ರಿ ಬಿಡುವುದೆಂದು ಲೆಕ್ಕ ಹಾಕುತ್ತಿದ್ದೆ.

"ಎರಡೂ ಓದು" ಎಂದರು ಮಾವ.

"ಒಂದು ಸಾಕು ಅಂದಿದ್ರಲ್ಲ?"

"ನೀನು ಹಾರಿದ್ದು ನೋಡುವ ಮೊದಲು ಹೇಳಿದ್ದು ಅದು. ನಿನಗೆ ಒಂದು ಸಾಲುದಿಲ್ಲ ಮಗಾ."

ಎರಡೂ ಓದಿ ಬಂದೆ. ಇಂದಿಗೂ ಬೆಂಗ್ರೆಯ ದೋಣಿಯಲ್ಲಿ ದಡ ಕಂಡ ಕೂಡಲೆ ಮೊದಲು ಏಳುವವಳು ನಾನೇ. ಯಾಕೆ ಏಳುತ್ತೇನೆ ಎಂಬುದನ್ನು ಮಾತ್ರ ಈಗ ಬಹಳ ಚೆನ್ನಾಗಿ ವಿವರಿಸಬಲ್ಲೆ.