ಐಸ್ ಕ್ರೀಮ್ ಅಂಗಡಿಯವನ ಔಷಧ ಸಾಗಣೆ

ರಾಮಕೃಷ್ಣನಗರದಲ್ಲಿ ಐಸ್ ಕ್ರೀಮ್ ಅಂಗಡಿ ಇಟ್ಟುಕೊಂಡೇ ತಲೆ ನರೆಸಿಕೊಂಡವನು ನಾನು. ನನ್ನ ಕೈಯಲ್ಲಿ ಯಾವ ಪದಾರ್ಥವೂ ಕರಗಿದ ದಾಖಲೆ ಇಲ್ಲ. ಹಾಗಾಗಿ ಮಗಳು ಸುಮಾ ತನ್ನ ಪಿಎಚ್‌.ಡಿ. ಔಷಧವನ್ನು ಬನ್ನಿಮಂಟಪದ ಕಾಲೇಜಿಗೆ ತಲುಪಿಸುವ ಹೊಣೆಯನ್ನು ನನಗೆ ವಹಿಸಿದಾಗ, ಯೋಗ್ಯ ವ್ಯಕ್ತಿಯನ್ನೇ ಆರಿಸಿದ್ದಾಳೆ ಎನಿಸಿತು.

ಅವಳ ಸಂಶೋಧನೆ ಸಾಮಾನ್ಯದ್ದಲ್ಲ. ಕೊಬ್ಬಿನಿಂದ ಬರಿಗಣ್ಣಿಗೆ ಕಾಣದ ಗುಳ್ಳೆಗಳನ್ನು ಮಾಡಿ, ಒಳಗೆ ಔಷಧ ತುಂಬಿ ರಕ್ತಕ್ಕೆ ಬಿಟ್ಟರೆ, ಅದು ದಾರಿಯಲ್ಲಿ ಚೆಲ್ಲಾಡದೆ ಕ್ಯಾನ್ಸರ್ ಗಡ್ಡೆಯ ಹತ್ತಿರವೇ ಹೋಗಿ ಬಿಚ್ಚಿಕೊಳ್ಳುತ್ತದಂತೆ. ಹೂರಣದ ಕಡುಬಿಗೆ ವಿಳಾಸ ಬರೆದು ಕಳಿಸಿದ ಹಾಗೆ ಎಂದು ಬೀದಿಗೆಲ್ಲ ನಾನೇ ವಿವರಿಸಿದ್ದೆ. ಅಂದು ಅವಳ ಕೊನೆಯ ಮೌಖಿಕ ಪರೀಕ್ಷೆ. ಪರೀಕ್ಷಕರಿಗೆ ಆ ಗುಳ್ಳೆಗಳನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಬೇಕಿತ್ತು.

ಕಾಲೇಜಿನ ಫ್ರಿಜ್ ಕೆಟ್ಟಿದ್ದರಿಂದ ಔಷಧದ ಸೀಸೆ ನಮ್ಮ ಮನೆಯ ಫ್ರಿಜ್ಜಿನಲ್ಲಿತ್ತು. "ತಣ್ಣಗಿದ್ರೆ ಸಾಕಪ್ಪ, ಗಟ್ಟಿಯಾಗೋದು ಬೇಡ," ಎಂದು ಹೇಳಿ ಸುಮಾ ಬೆಳಿಗ್ಗೆಯೇ ಹೊರಟಳು.

ಬಿಸಿಲು ನೋಡಿ ನನ್ನೊಳಗಿನ ಅನುಭವ ಎಚ್ಚೆತ್ತಿತು. ಸೀಸೆಯನ್ನು ಅಂಗಡಿಯ ಡೀಪ್ ಫ್ರೀಜರಿನಲ್ಲಿಟ್ಟು ತೆಗೆದೆ. ಕುಲ್ಫಿ ಡಬ್ಬಿಗೆ ಐಸು ಸುರಿದೆ. ಇನ್ನಷ್ಟು ಕೊರೆಯಲೆಂದು ಐಸಿಗೆ ಉಪ್ಪು ಬೆರೆಸಿ, ಸೀಸೆಯನ್ನು ಅದರಲ್ಲಿ ಹೂತಿಟ್ಟೆ.

"ರೀ, ಗಟ್ಟಿಯಾಗ್ಬಾರ್ದು ಅಂದ್ಲಲ್ಲ ಮಗು?" ಎಂದಳು ಹೆಂಡತಿ.

"ಅವಳು ಓದಿರೋದು ಔಷಧ ಕಣೇ. ತಣ್ಣಗಿಡೋ ವಿಷ್ಯ ನಂಗೆ ಬುಡು."

ಕಾಲೇಜಿನಲ್ಲಿ ಸೀಸೆಯನ್ನು ತಲೆಕೆಳಗು ಮಾಡಿ ತೋರಿಸಿದೆ. "ನೋಡಮ್ಮ, ಒಂದು ಹನಿ ಅಲ್ಲಾಡ್ತಿಲ್ಲ."

ಸುಮಾಳ ಮುಖ ಬಿಳಿಚಿತು. "ಅಪ್ಪ, ಇದ್ದಿದ್ದು ಇದೊಂದೇ ಸೀಸೆ."

ಐಸಿನ ಹರಳು ಗುಳ್ಳೆಗಳನ್ನು ಹರಿದು, ಔಷಧವನ್ನೆಲ್ಲ ಹೊರಗೆ ಹರಿಸಿರುತ್ತದಂತೆ. ಮಗಳ ವರ್ಷಗಳ ಶ್ರಮವನ್ನು ನಾನು ಕುಲ್ಫಿ ಮಾಡಿಬಿಟ್ಟಿದ್ದೆ.

ಅವಳು ಅಳಲಿಲ್ಲ. ಸೀಸೆಯನ್ನು ಕರಗಿಸಿ, ಒಡೆದ ಹಾಲಿನಂತಿದ್ದ ಅದನ್ನೇ ಪರೀಕ್ಷಕರ ಮುಂದಿಟ್ಟಳು. ಪಕ್ಕದಲ್ಲಿ ಮೊದಲು ತೆಗೆದಿದ್ದ ಗುಳ್ಳೆಗಳ ಚಿತ್ರಗಳನ್ನು ತೋರಿಸಿದಳು. "ಈ ಔಷಧನ ಯಾಕೆ ಹೆಪ್ಪುಗಟ್ಟಿಸಬಾರದು ಅನ್ನೋದಕ್ಕೆ ಇದೇ ಉದಾಹರಣೆ ಸರ್," ಎಂದು ಆರಂಭಿಸಿದವಳು, ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟಳು. ಪದವಿಗೆ ಅರ್ಹಳು ಎಂದು ಘೋಷಿಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ಹೆಮ್ಮೆಯಿಂದ ಕಣ್ಣು ಮಂಜಾಗಿತ್ತು.

ಅಷ್ಟರಲ್ಲಿ ಹಿರಿಯ ಪರೀಕ್ಷಕರು ಸೀಸೆಯನ್ನು ಎತ್ತಿ ಹಿಡಿದು ಮೆಚ್ಚುಗೆಯಿಂದ ಕೇಳಿದರು: "ಇದನ್ನ ಇಷ್ಟು ಅಚ್ಚುಕಟ್ಟಾಗಿ ಹಾಳು ಮಾಡಿದವರು ಯಾರಮ್ಮ?"

ಸುಮಾ ನಾನು ಕೂತಿದ್ದ ಹಿಂದಿನ ಸಾಲಿನ ಕಡೆ ನೋಡಿದಳು. ಸಭೆಯೂ ನೋಡಿತು. ನಾನು ಶರ್ಟು ಸರಿಮಾಡಿಕೊಂಡು ಎದ್ದು ನಿಂತೆ.

ಡಾಕ್ಟರ್ ಸುಮಾ ಅವರ ತಂದೆಯೆಂದು ನನ್ನ ಪರಿಚಯವಾದದ್ದು ಹಾಗೆ.